ಎಳೆಯ ಕರುಳಿನ ದಾರಿ

ಕರುಳು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಬಾಳು. ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡಿರುವ ಉದ್ದನೆಯ ಕೊಳವೆಗೂ ಕರುಳೆನ್ನುತ್ತೇವೆ, ಹೆತ್ತವಳ ಮಮತೆಗೂ ಕರುಳೆನ್ನುತ್ತೇವೆ. ಕರುಳ ಕುಡಿ, ಕರುಳ ಬಳ್ಳಿ, ಹೆತ್ತ ಕರುಳು ಎಂದಾಗ ಅನ್ನ ಪಚನವಾಗುವ ಅಂಗ ಯಾರ ಮನಸ್ಸಿಗೂ ಬರುವುದಿಲ್ಲ. ಕರುಳು ಚುರುಕ್ಕೆಂದಿತು ಎಂದು ಯಾರಾದರೂ ಹೇಳಿದರೆ ನಾವು ವೈದ್ಯರಿಗೆ ಹೇಳಿಕಳುಹಿಸುವುದಿಲ್ಲ. ಮಕ್ಕಳ ಶಸ್ತ್ರವೈದ್ಯನಾಗಿ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ ಮಾತ್ರ ಈ ಎರಡು ಅರ್ಥಗಳು ಬಿಡಿಬಿಡಿಯಾಗಿ ಕಾಣಿಸಿದ್ದು ಕಡಿಮೆ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಒಂದು ಕರುಳು, ಮುಚ್ಚಿದ ಬಾಗಿಲಿನ ಆಚೆಗೆ ಬೆಂಚಿನ ತುದಿಯಲ್ಲಿ ಇನ್ನೊಂದು ಕರುಳು: ಇವೆರಡರ ನಡುವೆಯೇ ನನ್ನ ಕೆಲಸ ನಡೆದುಬಂದಿದೆ.

ಹುಟ್ಟುವಾಗಲೇ ಕರುಳಿನಲ್ಲಿ ದೋಷ ಹೊತ್ತು ಬರುವ ಮಕ್ಕಳ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಿಷಯ ಅಷ್ಟೇನೂ ಶಿಷ್ಟವಲ್ಲ. ಮಲ, ವಾಂತಿ, ಗುದ ಮುಂತಾದ ಮಾತುಗಳು ಬಂದೇ ಬರುತ್ತವೆ. ಸಭ್ಯರ ನಡುವೆ ಆಡಬಾರದ ಮಾತುಗಳೆಂದು ಇವನ್ನು ದೂರವಿಟ್ಟುದರಿಂದ ಎಷ್ಟೋ ಮಕ್ಕಳಿಗೆ ಕೇಡಾಗಿರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಕೇಳುಗರ ಕ್ಷಮೆ ಬೇಡದೆಯೇ ಮುಂದುವರಿಯುತ್ತೇನೆ.

ಮೊದಲು ಕರುಳು ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ನೋಡೋಣ. ಗರ್ಭದಲ್ಲಿರುವ ಭ್ರೂಣದಲ್ಲಿ ಅದು ಆರಂಭದಲ್ಲಿ ನೆಟ್ಟಗಿರುವ ಒಂದು ಸಣ್ಣ ನಾಳ. ಅದು ಎಷ್ಟು ಬೇಗ ಬೆಳೆಯುತ್ತದೆಯೆಂದರೆ, ಪುಟ್ಟ ಹೊಟ್ಟೆಯಲ್ಲಿ ಅದಕ್ಕೆ ಎಡೆ ಸಾಲುವುದಿಲ್ಲ. ಆರನೆಯ ವಾರದ ಸುಮಾರಿಗೆ ಅದು ಹೊಟ್ಟೆಯನ್ನು ಬಿಟ್ಟು ಹೊಕ್ಕುಳ ಬಳ್ಳಿಯ ಬುಡದೊಳಕ್ಕೆ ಹೊರಡುತ್ತದೆ. ಅಲ್ಲಿ ಬೆಳೆದು, ಹತ್ತನೆಯ ವಾರದ ಹೊತ್ತಿಗೆ ಮತ್ತೆ ಒಳಕ್ಕೆ ಮರಳುತ್ತದೆ. ಹೋಗಿ ಬರುವ ಈ ಯಾತ್ರೆಯಲ್ಲಿ ಅದು ಮುಕ್ಕಾಲು ಸುತ್ತು ತಿರುಗಿ, ತನ್ನ ತನ್ನ ಜಾಗದಲ್ಲಿ ಬೆನ್ನಗೋಡೆಗೆ ಅಂಟಿಕೊಂಡು ನೆಲೆ ನಿಲ್ಲಬೇಕು. ಇದೇ ಕಾಲದಲ್ಲಿ ಇನ್ನೊಂದು ಯಾತ್ರೆಯೂ ನಡೆಯುತ್ತದೆ. ತಲೆಯ ಕಡೆಯಿಂದ ಹೊರಟ ನರಕೋಶಗಳ ಮೂಲಕಣಗಳು ಅನ್ನನಾಳದಿಂದ ಕೆಳಕೆಳಕ್ಕೆ ಸರಿಯುತ್ತಾ, ಐದನೆಯ ವಾರದಿಂದ ಹನ್ನೆರಡನೆಯ ವಾರದೊಳಗೆ ಕರುಳಿನ ಕಟ್ಟಕಡೆಯ ತುದಿಯವರೆಗೂ ಹೋಗಿ ಬೀಡುಬಿಡುತ್ತವೆ. ಕರುಳಿನ ಗೋಡೆಯಲ್ಲಿ ಹೀಗೆ ನೆಲೆಸುವ ನರಕೋಶಗಳು ಹತ್ತಾರು ಕೋಟಿ. ಮೆದುಳಿನ ಅಪ್ಪಣೆಗೆ ಕಾಯದೆ, ಆಹಾರವನ್ನು ಮುಂದಕ್ಕೆ ತಳ್ಳುವ ಅಲೆಗಳನ್ನು ಎಬ್ಬಿಸುವವು ಇವೇ.

ಇಷ್ಟೆಲ್ಲವೂ ತಾಯಿಗೆ ತಾನು ಗರ್ಭಿಣಿಯೆಂಬುದು ತಿಳಿದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಬಹುಪಾಲು ಮಕ್ಕಳಲ್ಲಿ ತಪ್ಪಿಲ್ಲದೆ ಮುಗಿಯುತ್ತದೆ ಎಂಬುದೇ ಆಶ್ಚರ್ಯ. ಕೆಲವರಲ್ಲಿ ಎಲ್ಲೋ ಒಂದು ಕಡೆ ಕೆಲಸ ಕೆಡುತ್ತದೆ. ಕರುಳಿನ ನಡುವೆ ದಾರಿಯೇ ಮುಚ್ಚಿಹೋಗಿರಬಹುದು. ಸುತ್ತು ಪೂರ್ಣವಾಗದೆ ಕರುಳು ಒಂದು ಸಣ್ಣ ತೊಟ್ಟಿನ ಮೇಲೆ ತೂಗಾಡುತ್ತಿರಬಹುದು. ನರಕೋಶಗಳು ನಡುದಾರಿಯಲ್ಲಿ ನಿಂತುಬಿಟ್ಟಿರಬಹುದು. ಕೊನೆಯ ದ್ವಾರವೇ ತೆರೆಯದೆ ಇರಬಹುದು. ಈ ನಾಲ್ಕು ಬಗೆಯ ದೋಷಗಳೇ ನಮ್ಮಲ್ಲಿಗೆ ಹೆಚ್ಚಾಗಿ ಬರುವುದು.

ಮುಚ್ಚಿದ ಕರುಳಿನ ಚರಿತ್ರೆ ಒಂದು ಕಾಲಕ್ಕೆ ಬರಿಯ ಸಾವಿನ ಚರಿತ್ರೆ. ಇಂಥ ಮಗುವೊಂದು ಶಸ್ತ್ರಕ್ರಿಯೆಯಿಂದ ಮೊದಲ ಬಾರಿಗೆ ಬದುಕಿದ್ದು 1911ರಲ್ಲಿ, ಹಾಲೆಂಡಿನ ಫೋಕೆನ್ಸ್ ಎಂಬ ವೈದ್ಯರ ಕೈಯಲ್ಲಿ. ಆಮೇಲೂ ಅನೇಕ ದಶಕಗಳ ಕಾಲ ಉಳಿದವರಿಗಿಂತ ಅಳಿದವರೇ ಹೆಚ್ಚು. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಲೌ ಎಂಬ ಶಸ್ತ್ರವೈದ್ಯರೂ ಅವರ ತರುಣ ಸಹೋದ್ಯೋಗಿಯೂ ಈ ದೋಷದ ಮೂಲವನ್ನು ಹುಡುಕಲು ಹೊರಟರು. ಬಸಿರಿಯಾದ ನಾಯಿಯ ಗರ್ಭಕೋಶವನ್ನು ತೆರೆದು, ಮರಿಯ ಕರುಳಿಗೆ ರಕ್ತ ಒಯ್ಯುವ ನಾಳಗಳನ್ನು ಕಟ್ಟಿ, ಮತ್ತೆ ಒಳಗಿಟ್ಟು ಹೊಲಿದರು. ಅನೇಕ ಬಾರಿ ಸೋತ ಮೇಲೆ ಹುಟ್ಟಿದ ಮರಿಗಳಲ್ಲಿ, ಮನುಷ್ಯ ಶಿಶುಗಳಲ್ಲಿ ಕಾಣುವಂಥದೇ ಮುಚ್ಚಿದ ಕರುಳು ಕಾಣಿಸಿತು. ರಕ್ತ ನಿಂತ ಕಡೆ ಕರುಳು ಸತ್ತು ಕರಗಿಹೋಗಿತ್ತು. 1955ರಲ್ಲಿ ಪ್ರಕಟವಾದ ಈ ಶೋಧ ಬರಿಯ ಪಾಂಡಿತ್ಯವಾಗಲಿಲ್ಲ. ಮುಚ್ಚಿದ ಜಾಗದ ಎರಡು ತುದಿಗಳಲ್ಲಿಯೂ ರಕ್ತ ಸಾಲದೆಂಬುದು ತಿಳಿದ ಮೇಲೆ, ಆ ತುದಿಗಳನ್ನೂ ಕತ್ತರಿಸಿ ತೆಗೆದು ಆರೋಗ್ಯವಾದ ಭಾಗಗಳನ್ನು ಸೇರಿಸತೊಡಗಿದರು. ಮಕ್ಕಳು ಬದುಕತೊಡಗಿದರು. ಆ ತರುಣ ಸಹೋದ್ಯೋಗಿಯ ಹೆಸರು ಕ್ರಿಶ್ಚಿಯನ್ ಬರ್ನಾರ್ಡ್. 1967ರಲ್ಲಿ ಮನುಷ್ಯನ ಹೃದಯವನ್ನು ಬದಲಿಸಿ ಜಗತ್ಪ್ರಸಿದ್ಧನಾದ ಬರ್ನಾರ್ಡನೇ ಈತ. ಹೃದಯದ ಕಥೆಯನ್ನು ಲೋಕವೆಲ್ಲ ಬಲ್ಲದು. ಕರುಳಿನ ಕಥೆ ನಮ್ಮಂಥವರಿಗೆ ಮಾತ್ರ ನೆನಪಿದೆ.

ಈ ಶಸ್ತ್ರಕ್ರಿಯೆಯ ಸೂಕ್ಷ್ಮತೆ ಎಷ್ಟೆಂಬುದನ್ನು ಒಂದೆರಡು ಅಳತೆಗಳಿಂದ ಊಹಿಸಬಹುದು. ಮೂರು ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ರಕ್ತವೆಲ್ಲ ಸೇರಿದರೆ ಸುಮಾರು 250 ಮಿಲಿಲೀಟರ್, ಎಂದರೆ ಒಂದು ದೊಡ್ಡ ಲೋಟದಷ್ಟು. ದೊಡ್ಡವರಲ್ಲಿ ಲೆಕ್ಕಕ್ಕೆ ಬಾರದ ನಾಲ್ಕು ಚಮಚ ರಕ್ತ ಇಲ್ಲಿ ಪ್ರಾಣದ ಬೆಲೆಯದು. ಮುಚ್ಚಿದ ಜಾಗದ ಮೇಲಿನ ಕರುಳು ಉಬ್ಬಿ ನಮ್ಮ ಹೆಬ್ಬೆರಳಿಗಿಂತಲೂ ದಪ್ಪವಾಗಿರುತ್ತದೆ. ಕೆಳಗಿನದು ಎಂದೂ ಬಳಕೆಯಾಗದೆ ಪೆನ್ಸಿಲಿಗಿಂತ ಸಣ್ಣಗಿರುತ್ತದೆ. ಇವೆರಡನ್ನೂ ತಲೆಗೂದಲಿನಷ್ಟು ತೆಳುವಾದ ದಾರದಿಂದ, ನೀರು ಸೋರದಂತೆ ಹೊಲಿಯಬೇಕು. ಹೊಟ್ಟೆ ತೆರೆದಿರುವಾಗ ಮಗುವಿನ ಮೈ ತಣ್ಣಗಾಗದಂತೆ ಕೋಣೆಯನ್ನು ಬೆಚ್ಚಗಿಡಬೇಕಾಗುತ್ತದೆ. ನಾವು ಬೆವರುತ್ತ ನಿಂತಿರುತ್ತೇವೆ. ಬಿರುಕುಬಿಟ್ಟ ಕರುಳಿನ ಅಂಚುಗಳನ್ನು ಕಪ್ಪು ಇರುವೆಗಳಿಂದ ಕಚ್ಚಿಸಿ, ಅವುಗಳ ಮೈಯನ್ನು ಚಿವುಟಿ, ತಲೆಯನ್ನು ಹೊಲಿಗೆಯಂತೆ ಉಳಿಸಬೇಕೆಂದು ನಮ್ಮ ಸುಶ್ರುತ ಸಂಹಿತೆ ಹೇಳುತ್ತದೆ. ಕೂದಲೆಳೆಯ ದಾರವನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಆ ಇರುವೆಗಳ ನೆನಪಾಗುತ್ತಿತ್ತು.

ಹೊಲಿದ ಕರುಳು ಕೆಲಸ ಆರಂಭಿಸುವವರೆಗೆ ಮಗುವನ್ನು ಉಳಿಸುವುದು ಹೇಗೆ? ಮೊದಮೊದಲು ಎಷ್ಟೋ ಕಡೆ ಹೊಲಿಗೆ ಗೆದ್ದರೂ ಹಸಿವೆಯಿಂದ ಮಗು ಸೋಲುತ್ತಿತ್ತು. ರಕ್ತನಾಳದ ಮೂಲಕವೇ ಪೂರ್ಣಾಹಾರವನ್ನು ಹರಿಸಿ ಶಿಶುವನ್ನು ಬೆಳೆಸಬಹುದೆಂದು ಫಿಲಡೆಲ್ಫಿಯಾದ ವಿಲ್ಮೋರ್ ಮತ್ತು ಡಡ್ರಿಕ್ 1968ರಲ್ಲಿ ತೋರಿಸಿಕೊಟ್ಟರು. ಅವರು ಹಾಗೆ ಸಾಕಿದ ಮಗು ಕರುಳಿನ ಬಹುಭಾಗವಿಲ್ಲದೆ ಹುಟ್ಟಿದ್ದು. ಈಗ ಒಳ್ಳೆಯ ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಇಂಥ ಹತ್ತು ಮಕ್ಕಳಲ್ಲಿ ಒಂಬತ್ತಾದರೂ ಬದುಕುತ್ತವೆ.

ಎರಡನೆಯ ದೋಷ, ಸುತ್ತು ಪೂರ್ಣವಾಗದ ಕರುಳಿನದು. ಇದರ ಮಾತೆತ್ತಿದರೆ ನನ್ನದೇ ಒಂದು ತಪ್ಪನ್ನು ಹೇಳದೆ ಗತ್ಯಂತರವಿಲ್ಲ. ನಾನು ಆಗತಾನೆ ಪದವಿ ಪಡೆದು ಒಂದು ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸದಲ್ಲಿದ್ದೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಆರು ದಿನದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಮಗು ಚೆನ್ನಾಗಿ ಹಾಲು ಕುಡಿಯುತ್ತಿತ್ತಂತೆ. ಸಂಜೆಯಿಂದ ಕಕ್ಕುತ್ತಿದೆ, ಕಕ್ಕಿದ್ದು ಹಸಿರು ಬಣ್ಣ ಎಂದಳು. ನಾನು ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ಹಾಲು ಹೆಚ್ಚಾಗಿದೆ, ಗಾಬರಿ ಬೇಡ ಎಂದು ಹೇಳಿ, ಒಂದು ಔಷಧಿ ಬರೆದುಕೊಟ್ಟು ಕಳುಹಿಸಿದೆ. ಮಾರನೆಯ ದಿನ ಮಧ್ಯಾಹ್ನ ಅವಳು ಮತ್ತೆ ಬಂದಾಗ ಕೂಸಿನ ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಿರಿಯರು ಹೊಟ್ಟೆ ತೆರೆದರು. ತೊಟ್ಟಿನ ಮೇಲೆ ತೂಗುತ್ತಿದ್ದ ಸಣ್ಣ ಕರುಳೆಲ್ಲವೂ ಹಗ್ಗದಂತೆ ಹುರಿಗೊಂಡು, ರಕ್ತ ನಿಂತು, ಒಂದು ಗೇಣೂ ಉಳಿಯದಂತೆ ಕಪ್ಪಾಗಿತ್ತು. ಮಾಡಲು ಏನೂ ಇರಲಿಲ್ಲ. ಮತ್ತೆ ಮುಚ್ಚಿದರು.

ಆ ತಾಯಿ ನನ್ನನ್ನು ಬೈಯಲಿಲ್ಲ. “ಹಸುರು ಅಂತ ಹೇಳಿದ್ದೆನಲ್ಲಾ ಸ್ವಾಮಿ” ಎಂದಳು. ಅಷ್ಟೆ.

ಹಸಿರು ಎಂದರೆ ಪಿತ್ತರಸ. ಅದು ಮೇಲಕ್ಕೆ ಬಂದಿತೆಂದರೆ ಜಠರದಿಂದಾಚೆ ದಾರಿ ಕಟ್ಟಿದೆ ಎಂದರ್ಥ ಮಾಡಿಕೊಂಡು, ಅಲ್ಲವೆಂದು ಪರೀಕ್ಷೆಯಿಂದ ಖಚಿತವಾಗುವವರೆಗೂ ಮಗುವನ್ನು ಬಿಡಬಾರದು. ಹೊಟ್ಟೆ ಮೆತ್ತಗಿರುವುದು ಸಮಾಧಾನದ ಲಕ್ಷಣವಲ್ಲ. ಆರಂಭದಲ್ಲಿ ಮೆತ್ತಗೇ ಇರುತ್ತದೆ. ಇದು ಪುಸ್ತಕದಲ್ಲಿತ್ತು. ನಾನು ಓದಿಯೂ ಇದ್ದೆ. ಕೆಲವು ಗಂಟೆ ಮೊದಲು ಹೊಟ್ಟೆ ತೆರೆದು ಹುರಿ ಬಿಚ್ಚಿದ್ದರೆ ಮಗು ಉಳಿಯುವ ಸಂಭವವಿತ್ತು. ಹುರಿ ಬಿಚ್ಚಿ, ಅಡ್ಡಬಂದ ಪೊರೆಗಳನ್ನು ಕತ್ತರಿಸಿ, ಕರುಳಿನ ತೊಟ್ಟನ್ನು ಅಗಲಿಸುವ ಈ ವಿಧಾನವನ್ನು ಬಾಸ್ಟನ್ನಿನ ವಿಲಿಯಂ ಲ್ಯಾಡ್ 1936ರಲ್ಲಿಯೇ ವಿವರಿಸಿದ್ದರು. ನಾನು ಮಕ್ಕಳ ಶಸ್ತ್ರವೈದ್ಯವನ್ನೇ ಮುಂದೆ ಕಲಿಯಲು ಹೊರಟದ್ದಕ್ಕೆ ಕಾರಣ ಏನೆಂದು ಕೇಳಿದವರಿಗೆಲ್ಲ ಬೇರೆ ಏನೇನೋ ಹೇಳಿದ್ದೇನೆ. ನಿಜವಾದ ಕಾರಣ ಆ ಹೆಣ್ಣುಮಗಳ ಒಂದು ಮಾತು.

ಇನ್ನು ಮೂರನೆಯದು. ಇದರ ಕಥೆಯಲ್ಲಿ ವೈದ್ಯರಲ್ಲದವರಿಗೂ ಒಂದು ಪಾಠವಿದೆಯೆಂದು ನನ್ನ ನಂಬಿಕೆ. 1886ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಬರ್ಲಿನ್ನಿನ ವೈದ್ಯಸಭೆಯೊಂದರಲ್ಲಿ ಎರಡು ಶಿಶುಗಳ ವೃತ್ತಾಂತವನ್ನು ಹೇಳಿದರು. ಹುಟ್ಟಿದಂದಿನಿಂದ ಮಲಬದ್ಧತೆ, ದಿನೇ ದಿನೇ ಊದುವ ಹೊಟ್ಟೆ. ವರ್ಷ ತುಂಬುವ ಮೊದಲೇ ಎರಡೂ ತೀರಿಕೊಂಡಿದ್ದವು. ಶವಪರೀಕ್ಷೆಯಲ್ಲಿ ದೊಡ್ಡ ಕರುಳು ಬೃಹದಾಕಾರವಾಗಿ ಹಿಗ್ಗಿ ದಪ್ಪನಾಗಿತ್ತು. ರೋಗಕ್ಕೆ ಅವರ ಹೆಸರೇ ನಿಂತಿತು.

ಹಿಗ್ಗಿದ ಕರುಳೇ ರೋಗವೆಂದು ಎಲ್ಲರೂ ಭಾವಿಸಿದ್ದು ಸಹಜ. ಕಣ್ಣಿಗೆ ಹೊಡೆದು ಕಾಣುವುದು ಅದೇ. ಹಿಗ್ಗಿದ ಭಾಗವನ್ನು ಕತ್ತರಿಸಿ ತೆಗೆದರು. ಉಳಿದದ್ದು ಮತ್ತೆ ಹಿಗ್ಗಿತು. ಬೆನ್ನೆಲುಬಿನ ಬದಿಯ ನರಗಳನ್ನು ಕತ್ತರಿಸಿ ನೋಡಿದರು, ಗುಣ ನಿಲ್ಲಲಿಲ್ಲ. ಹಿಗ್ಗಿದ ಕರುಳಿನ ಕೆಳಗೆ, ಗುದದ ಬಳಿ, ನೋಡಲು ಏನೂ ಆಗಿಲ್ಲವೆಂಬಂತಿದ್ದ ಸಣ್ಣ ಭಾಗವೊಂದು ಇತ್ತಲ್ಲ, ಅದನ್ನು ಯಾರೂ ಮುಟ್ಟಲಿಲ್ಲ. ಅಲ್ಲಿ ನರಕೋಶಗಳಿಲ್ಲವೆಂದು 1901ರಲ್ಲಿಯೇ ಟಿಟ್ಟೆಲ್ ಎಂಬುವರು ಬರೆದಿದ್ದರು. 1920ರಲ್ಲಿ ಇಟಲಿಯ ಡಲ್ಲಾ ವಾಲೆ ಸೋದರ ಶಿಶುಗಳಿಬ್ಬರಲ್ಲಿ ಅದನ್ನೇ ಕಂಡರು. ಬರೆದದ್ದು ಪುಸ್ತಕಗಳ ಕಪಾಟಿನಲ್ಲಿ ಉಳಿಯಿತು.

1940ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಆರ್ವರ್ ಸ್ವೆನ್ಸನ್ ಎಂಬ ತರುಣ ಶಸ್ತ್ರವೈದ್ಯರು ಒಂದು ಸಾಮಾನ್ಯ ಸಂಗತಿಯನ್ನು ಗಮನಿಸಿದರು. ಇಂಥ ಮಗುವಿಗೆ ಹಿಗ್ಗಿದ ಕರುಳನ್ನೇ ಹೊಟ್ಟೆಯ ಮೇಲೆ ತೆರೆದು ಮಲಕ್ಕೆ ದಾರಿ ಮಾಡಿಕೊಟ್ಟರೆ ಅದು ಲವಲವಿಕೆಯಿಂದ ಬೆಳೆಯುತ್ತಿತ್ತು. ಕೆಲವು ತಿಂಗಳ ಮೇಲೆ ಆ ದಾರಿಯನ್ನು ಮುಚ್ಚಿದರೆ ರೋಗ ಯಥಾಪ್ರಕಾರ ಮರಳುತ್ತಿತ್ತು. ಹಾಗಾದರೆ ಹಿಗ್ಗಿದ ಕರುಳಿನಲ್ಲಿ ದೋಷವಿಲ್ಲ; ಅದು ಚೆನ್ನಾಗಿಯೇ ದುಡಿಯಬಲ್ಲದು. ದೋಷ ಅದರ ಕೆಳಗಿದೆ. ಸಣ್ಣ ಬಲೂನುಗಳನ್ನು ಒಳಗಿಳಿಸಿ ಒತ್ತಡವನ್ನು ಅಳೆದಾಗ, ಮೇಲಿನಿಂದ ಬಂದ ಅಲೆ ಆ ‘ಏನೂ ಆಗಿಲ್ಲದ’ ಭಾಗದ ಹೊಸ್ತಿಲಿಗೆ ಬಂದು ನಿಂತುಬಿಡುವುದು ಗೊತ್ತಾಯಿತು. ನರವಿಲ್ಲದ ಆ ತುಂಡು ಸದಾ ಮುಷ್ಟಿ ಬಿಗಿಹಿಡಿದಂತೆ ಸಂಕುಚಿತವಾಗಿರುತ್ತದೆ. ಬಾಗಿಲು ತೆರೆಯದ ಮನೆಯನ್ನು ನೂಕಿ ನೂಕಿ ಮೇಲಿನ ಕರುಳು ಹಿಗ್ಗಿ ಬಳಲುತ್ತದೆ. ಹಿಗ್ಗಿದ್ದು ದುಡಿದು ದಣಿದ ಕರುಳು. ರೋಗವಿದ್ದದ್ದು ಹಿಗ್ಗದೆ ಸುಮ್ಮನೆ ಕುಳಿತಿದ್ದ ತುಂಡಿನಲ್ಲಿ. ಅರುವತ್ತು ವರ್ಷ ನಾವು ದುಡಿದವನನ್ನೇ ದಂಡಿಸುತ್ತ ಬಂದಿದ್ದೆವು.

ಸ್ವೆನ್ಸನ್ ಆ ಕೆಳತುಂಡನ್ನು ತೆಗೆದು, ನರವಿರುವ ಕರುಳನ್ನು ಕೆಳಕ್ಕೆಳೆದು ಗುದಕ್ಕೆ ಹೊಲಿಯುವ ಶಸ್ತ್ರಕ್ರಿಯೆಯನ್ನು 1948ರಲ್ಲಿ ಪ್ರಕಟಿಸಿದರು. ಮುಂದೆ ಫ್ರಾನ್ಸಿನ ದ್ಯುಹಾಮೆಲ್, ಇಟಲಿಯ ಸೊವಾವೆ ತಮ್ಮ ತಮ್ಮ ಮಾರ್ಗಗಳನ್ನು ತೋರಿಸಿದರು. 1998ರಲ್ಲಿ ಮೆಕ್ಸಿಕೋದ ವೈದ್ಯರು ಹೊಟ್ಟೆಯನ್ನು ತೆರೆಯದೆಯೇ, ಗುದದ ಮೂಲಕವೇ ಇದನ್ನು ಮಾಡಿ ಮುಗಿಸಬಹುದೆಂದು ತಿಳಿಸಿದರು. ಎಲ್ಲಿಗೆ ನರಕೋಶಗಳು ಮುಗಿದಿವೆ ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸುವಂತಿಲ್ಲ. ಶಸ್ತ್ರಕ್ರಿಯೆಯ ನಡುವೆಯೇ ಕರುಳಿನ ಚೂರೊಂದನ್ನು ತೆಗೆದು, ಹೆಪ್ಪುಗಟ್ಟಿಸಿ, ಸೂಕ್ಷ್ಮದರ್ಶಕದಡಿ ನೋಡಿ ಹೇಳಲು ನುರಿತ ವೈದ್ಯರೊಬ್ಬರು ಬೇಕು. “ಇಲ್ಲಿ ಇವೆ” ಎಂದು ಆ ಕೋಣೆಯಿಂದ ಸುದ್ದಿ ಬರುವವರೆಗೆ ಕತ್ತರಿ ಹಿಡಿದ ಕೈ ಕಾಯುತ್ತದೆ.

ಸುಮಾರು ಐದು ಸಾವಿರ ಮಕ್ಕಳಲ್ಲಿ ಒಂದಕ್ಕೆ ಈ ರೋಗ. ಗಂಡುಮಕ್ಕಳಲ್ಲಿ ಇದು ಹೆಣ್ಣುಮಕ್ಕಳಿಗಿಂತ ನಾಲ್ಕು ಪಾಲು ಹೆಚ್ಚು. ನನ್ನ ಬಳಿಗೆ ಬಂದವರಲ್ಲಿ ಬಯಲುಸೀಮೆಯ ಹುಡುಗನೊಬ್ಬ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾನೆ. ಮೂರು ವರ್ಷ ತುಂಬಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಕೊಡ. ಜಂತುಹುಳುವಿನ ಔಷಧಿ, ಹರಳೆಣ್ಣೆ, ಹೊಟ್ಟೆಗೆ ಬರೆ, ಕೊರಳಿಗೆ ತಾಯಿತ ಎಲ್ಲವೂ ಆಗಿತ್ತು. ಹುಟ್ಟಿದ ಮೇಲೆ ಮೊದಲ ಮಲ ಯಾವಾಗ ಹೋಯಿತೆಂದು ಕೇಳಿದೆ. ಮೂರು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನ ತಾಯಿಗೆ ಯಾರೂ ಕೇಳಿರಲಿಲ್ಲ. “ನಾಲ್ಕನೇ ದಿನ” ಎಂದು ತಡೆಯಿಲ್ಲದೆ ಹೇಳಿದಳು. ರೋಗದ ಅರ್ಧ ಗುರುತು ಆ ಉತ್ತರದಲ್ಲಿಯೇ ಸಿಕ್ಕಿತು.

ಬಳಲಿದ್ದ ಅವನಿಗೆ ಒಮ್ಮೆಗೇ ಎಲ್ಲವನ್ನೂ ಮಾಡುವಂತಿರಲಿಲ್ಲ. ಮೊದಲು ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡಿದೆವು. ಇದನ್ನು ಒಪ್ಪಿಸುವುದು ಶಸ್ತ್ರಕ್ರಿಯೆಗಿಂತ ಕಷ್ಟದ ಕೆಲಸ. ಮಗುವಿನ ಹೊಟ್ಟೆಯ ಮೇಲೆ ಕೆಂಪಗೆ ಗುಲಾಬಿಯಂತೆ ಕಾಣುವ ಕರುಳಿನ ಬಾಯಿ, ಅದರಿಂದ ಹೊತ್ತಿಲ್ಲದೆ ಬರುವ ಮಲ; ಇದನ್ನು ಊರಿಗೆ ಕರೆದೊಯ್ದು ತೋರಿಸುವುದು ಹೇಗೆ? ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ತಾಯಿ ಮಾತ್ರ ದಾದಿಯ ಪಕ್ಕದಲ್ಲಿ ಕುಳಿತು, ಹಳೆಯ ಸೀರೆಯನ್ನು ಹರಿದು ಮಡಿಸುವುದನ್ನು, ಚರ್ಮ ಬೇಯದಂತೆ ಮುಲಾಮು ಸವರುವುದನ್ನು ಎರಡೇ ದಿನದಲ್ಲಿ ಕಲಿತಳು. ಎಂಟು ತಿಂಗಳ ಮೇಲೆ ಅವರು ಮರಳಿದಾಗ ಹುಡುಗ ಗುರುತು ಸಿಗದಷ್ಟು ಮೈ ತುಂಬಿಕೊಂಡಿದ್ದ. ಆಮೇಲೆ ಕೆಳಗಿನ ತುಂಡನ್ನು ತೆಗೆದು ಕರುಳನ್ನು ಕೆಳಕ್ಕಿಳಿಸಿದೆವು. ಮತ್ತೆ ಕೆಲವು ವಾರಗಳ ಮೇಲೆ ಹೊಟ್ಟೆಯ ಮೇಲಿನ ದಾರಿಯನ್ನು ಮುಚ್ಚಿದೆವು. ಅದಾದ ಮೂರನೆಯ ದಿನ ಬೆಳಗಿನ ಜಾವ ಹುಡುಗ ಸಹಜ ಮಾರ್ಗದಲ್ಲಿ ಮಲವಿಸರ್ಜನೆ ಮಾಡಿದ. ತಾಯಿ ಆ ಬಟ್ಟೆಯನ್ನು ಒಗೆಯಲು ಬಿಡದೆ, ನಾನು ಬರುವವರೆಗೆ ಕಾದಿಟ್ಟು ತೋರಿಸಿದಳು. ಇಡೀ ವಾರ್ಡಿನ ತಾಯಂದಿರು ನಗುತ್ತ ನಿಂತಿದ್ದರು. ಆವೊತ್ತಿನ ಸಂತೋಷಕ್ಕೆ ನಾನು ಬೇರೊಂದು ಸಾಟಿಯನ್ನು ಕಾಣೆ.

ನಾಲ್ಕನೆಯದು, ಮಲದ್ವಾರವಿಲ್ಲದೆ ಹುಟ್ಟುವುದು. ಇದೂ ಸುಮಾರು ಐದು ಸಾವಿರಕ್ಕೆ ಒಂದರಷ್ಟು. ಫ್ರಾನ್ಸಿನ ಬ್ರೆಸ್ಟ್ ನಗರದಲ್ಲಿ 1793ರಲ್ಲಿ ದ್ಯುರೆ ಎಂಬ ವೈದ್ಯರು ಇಂಥ ಮೂರು ದಿನದ ಶಿಶುವಿಗೆ ಹೊಟ್ಟೆಯ ಬದಿಯಲ್ಲಿ ದಾರಿ ಮಾಡಿಕೊಟ್ಟರು. ಅರಿವಳಿಕೆ ಇಲ್ಲದ, ರೋಗಾಣುಗಳ ಅರಿವೂ ಇಲ್ಲದ ಕಾಲ. ಆ ಶಿಶು ನಲವತ್ತೈದು ವರ್ಷ ಬದುಕಿತು! ಈಗ ನಾವು ಅನುಸರಿಸುವ ಮಾರ್ಗ ಹೆಚ್ಚಾಗಿ ಮೆಕ್ಸಿಕೋದ ಆಲ್ಬರ್ಟೊ ಪೆನ್ಯಾ ಅವರದು. ಹಿಂಬದಿಯಿಂದ ನಟ್ಟನಡುವೆ ಸೀಳಿ, ಮಲವನ್ನು ಹಿಡಿದಿಡುವ ಸ್ನಾಯುಗಳನ್ನು ಕಣ್ಣಾರೆ ಕಂಡು, ಅವುಗಳ ನಡುವೆಯೇ ಕರುಳನ್ನು ಕೂರಿಸುವ ಈ ವಿಧಾನವನ್ನು ಅವರು 1982ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ನಾವು ಬಹುಮಟ್ಟಿಗೆ ಕತ್ತಲಲ್ಲಿ ಕೈಯಾಡಿಸುತ್ತಿದ್ದೆವು.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ದ್ವಾರ ಮಾಡಿಕೊಟ್ಟ ಮಾತ್ರಕ್ಕೆ ಹತೋಟಿ ಬರುವುದಿಲ್ಲ. ಬೆನ್ನೆಲುಬಿನ ತುದಿ, ಸ್ನಾಯು, ನರ ಇವು ಚೆನ್ನಾಗಿದ್ದ ಮಕ್ಕಳು ಇತರರಂತೆಯೇ ಶಾಲೆಗೆ ಹೋಗುತ್ತಾರೆ. ಅಷ್ಟು ಅದೃಷ್ಟವಿಲ್ಲದವರಿಗೆ ಚಡ್ಡಿ ಕೊಳೆಯಾಗುತ್ತದೆ, ಪಕ್ಕದ ಹುಡುಗರು ಮೂಗು ಮುಚ್ಚಿಕೊಳ್ಳುತ್ತಾರೆ, ಮಗು ಶಾಲೆ ಬಿಡುತ್ತದೆ. ದಿನಕ್ಕೊಮ್ಮೆ ಎನಿಮಾ ಕೊಟ್ಟು ಕರುಳನ್ನು ಶುಚಿಮಾಡಿದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಉಳಿದ ಹೊತ್ತೆಲ್ಲ ನಿಶ್ಚಿಂತೆಯಿಂದ ಇರಬಲ್ಲರು. ಮನೆಯಲ್ಲಿಯೇ ಮಾಡಬಹುದಾದ ಅಗ್ಗದ ಉಪಾಯವಿದು. ಹಿರ್ಷ್‌ಸ್ಪ್ರುಂಗ್ ಕಾಯಿಲೆಯ ಮಕ್ಕಳಲ್ಲಿಯೂ ಕೆಲವರಿಗೆ ಮಲಬದ್ಧತೆಯೋ ಕರುಳುರಿಯೋ ಮರುಕಳಿಸುತ್ತದೆ. ಶಸ್ತ್ರವೈದ್ಯನ ಕೆಲಸ ಹೊಲಿಗೆ ಬಿಚ್ಚಿದ ದಿನ ಮುಗಿಯಿತೆಂದು ನಾನು ಬಹುಕಾಲ ತಿಳಿದಿದ್ದೆ. ಮಗು ಪ್ರಾಯಕ್ಕೆ ಬರುವವರೆಗೂ ಅದು ಮುಗಿಯುವುದಿಲ್ಲ.

ಇನ್ನೊಂದು ಮಾತು, ತಾಯಂದಿರ ಪರವಾಗಿ. ಇಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ನಡೆಯುವುದು ವಿಚಾರಣೆ. ಗ್ರಹಣ ನೋಡಿದಳೇ, ತಿನ್ನಬಾರದ್ದನ್ನು ತಿಂದಳೇ, ಯಾರ ವಂಶದ ಶಾಪ? ಗರ್ಭದ ಮೊದಲ ವಾರಗಳಲ್ಲಿ, ಅವಳ ಅರಿವಿಗೂ ಬಾರದೆ, ಕಣಗಳ ಯಾತ್ರೆಯಲ್ಲಿ ಆದ ತಪ್ಪಿದು. ಕೆಲವು ಮಕ್ಕಳಲ್ಲಿ ವಂಶವಾಹಿಗಳ ಪಾತ್ರ ಉಂಟು. ಹಿರ್ಷ್‌ಸ್ಪ್ರುಂಗ್ ಕಾಯಿಲೆಗೆ ಸಂಬಂಧಿಸಿದ ಮುಖ್ಯ ವಂಶವಾಹಿ 1994ರಲ್ಲಿ ಗೊತ್ತಾಯಿತು. ಅದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು, ಯಾರಿಂದಲೂ ಬರದೆ ಹೊಸದಾಗಿಯೂ ಮೂಡಬಹುದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೊನೆಗೆ, ಮನೆಯಲ್ಲಿ ಹಸುಗೂಸು ಇರುವವರು ನೆನಪಿಡಬೇಕಾದದ್ದು ಮೂರೇ ಸಂಗತಿ. ಹುಟ್ಟಿದ ಕೂಡಲೇ ಮಗುವಿಗೆ ಮಲದ್ವಾರವಿದೆಯೇ ಎಂದು ಬೆಳಕಿನಲ್ಲಿ ನೋಡಿ. ನೋಡಲು ನಾಚಿಕೆ ಬೇಡ. ತಿಂಗಳು ತುಂಬಿ ಹುಟ್ಟಿದ ಮಗು ಬಹುಮಟ್ಟಿಗೆ 24 ಗಂಟೆಗಳಲ್ಲಿ ತನ್ನ ಮೊದಲ ಕಪ್ಪು ಮಲವನ್ನು ವಿಸರ್ಜಿಸುತ್ತದೆ. 48 ಗಂಟೆ ಕಳೆದರೂ ಆಗದಿದ್ದರೆ ಹರಳೆಣ್ಣೆಯ ಮೊರೆಹೋಗದೆ ವೈದ್ಯರಿಗೆ ತೋರಿಸಿ. ಮೂರನೆಯದು, ಹಸಿರು ವಾಂತಿ. ಅದು ಕಂಡರೆ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯೇ ಹೊರಡಿ. ಅಲ್ಲಿ ನನ್ನಂಥ ತರುಣ ವೈದ್ಯನೊಬ್ಬ ಗಾಬರಿ ಬೇಡವೆಂದು ಸಮಾಧಾನ ಹೇಳಿ ಕಳುಹಿಸಲು ನೋಡಿದರೆ, ವಾಂತಿಯಾದ ಬಟ್ಟೆಯನ್ನು ಅವನ ಮುಂದೆ ಹಿಡಿದು, ಬಣ್ಣ ಹಸಿರೆಂದು ಎರಡು ಬಾರಿ ಹೇಳಿ. ಅವನು ಕೇಳುವವರೆಗೆ ಅಲ್ಲಿಂದ ಕದಲಬೇಡಿ.

(ಬಾನುಲಿ ಭಾಷಣ)